ಕೊನೆಯ ಕಪ್ಪು

ನನಗಾಗ ಅರವತ್ತೊಂದು. ಅದಾಗಿ ನಾಲ್ಕು ವರ್ಷವಾಯಿತು. ನಾನು ಕೆಲಸಕ್ಕಿದ್ದ ಮನೆಯ ಮುದುಕರ ಬಲಗೈ ಹೆಬ್ಬೆರಳು ಉಳಿ ಒತ್ತಿ ಒತ್ತಿ ಹೊರಕ್ಕೆ ಬಾಗಿತ್ತು. ಉಗುರಿನ ಕಪ್ಪು ಸಾಬೂನಿಗೂ ಹೋಗುತ್ತಿರಲಿಲ್ಲ. ಚೀನಾದವರು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಬಳಿದು, ಕಾಗದದ ಮೇಲೆ ಅಚ್ಚು ತೆಗೆಯುವವರು. ಅವರ ಮಗಳು ಸೌದಿಯ ರಾಸ್ ತನೂರಾದಲ್ಲಿ ಇಂಜಿನಿಯರ್. ಹತ್ತಿರದ ಖತೀಫಿನ ಅವರ ಮನೆಯಲ್ಲಿ ನಾನು ಅಡುಗೆಯವಳು.

ಸಣ್ಣವರಿದ್ದಾಗ ಅಪ್ಪನ ಜೊತೆ ಕೂತು, ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುವ ಚಿತ್ರ ಕೆತ್ತಿದರಂತೆ. ಆಮೇಲೆ ಸರಕಾರ ಹೇಳಿದ ಚಿತ್ರಗಳು: ಸುತ್ತಿಗೆ ಹಿಡಿದವರು, ಗೋಧಿ ಹೊತ್ತವರು. ಬಳಿಕ ಶಾಲೆಯಲ್ಲಿ ಕೆತ್ತನೆ ಕಲಿಸಿದರು. ಹೆಂಡತಿಯನ್ನು ಮಾತ್ರ ಒಮ್ಮೆಯೂ ಕೆತ್ತಿರಲಿಲ್ಲ. ಅವಳು ಸತ್ತ ಮೇಲೆ ಇಲ್ಲಿಗೆ ಬಂದು ಅವಳ ಮುಖ ಕೆತ್ತಲು ಕೈ ಹಾಕಿದರು.

ಇರುವುದು ಒಂದೇ ಹಲಗೆ. ಮೊದಲು ಕೆಲವು ಕಾಗದಗಳ ಮೇಲೆ ತಿಳಿ ಬಣ್ಣ ಒತ್ತುವುದು. ಅದೇ ಹಲಗೆಯನ್ನು ಇನ್ನಷ್ಟು ಕೆತ್ತಿ, ಅದೇ ಕಾಗದಗಳ ಮೇಲೆ ಮುಂದಿನ ಬಣ್ಣ. ಕೆತ್ತಿದ ಮರ ಮರಳಿ ಬಾರದು; ಕಾಗದ ಹಾಳಾದರೆ ಇನ್ನೊಂದು ತೆಗೆಯಲಾಗದು. ಕೂದಲು, ಕಣ್ಣಿನ ಕಪ್ಪು ಕೊನೆಗೆ.

ಕಾಗದದ ಬೆನ್ನು ಉಜ್ಜಲು ಖರ್ಜೂರದ ಮರದ ನಾರಿನ ಉಂಡೆ ಕಟ್ಟಿಕೊಂಡಿದ್ದರು. ಕೈ ನಡುಗತೊಡಗಿದ ಮೇಲೆ ಉಜ್ಜುವ ಕೆಲಸ ನನ್ನದಾಯಿತು. ನಮ್ಮ ಮಾತೆಲ್ಲ ಹರಕು ಅರಬಿಯಲ್ಲಿ. ವಯಸ್ಸಾದ ಹೆಂಗಸರನ್ನು ಇಲ್ಲಿನವರು ಕರೆಯುವ ಹಾಗೆ ನನ್ನನ್ನು ಹಾಜ್ಜಾ ಎನ್ನುವರು.

"ಹಾಜ್ಜಾ, ಇದೇನು ಪಾತ್ರೆಯಾ? ಮೆಲ್ಲಗೆ!"

"ಪಾತ್ರೆಯಾದ್ರೆ ಇಷ್ಟೊತ್ತಿಗೆ ಮುಗೀತಿತ್ತು, ಬಾಬಾ."

ಬಣ್ಣ ನೂಲಿನಷ್ಟು ಜರುಗಿದರೂ ಕಾಗದ ಹರಿದು ಎಸೆಯುವರು.

"ಎಂತ ಮಾರಾಯ್ರೆ, ಮುಖ ಚಂದ ಉಂಟಲ್ಲ!" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಭಾಷೆ ತಿಳಿಯದಿದ್ದರೂ ಸ್ವರ ತಿಳಿಯುತ್ತಿತ್ತು.

"ಅವಳು ಹೀಗಿರಲಿಲ್ಲ," ಎನ್ನುವರು.

ಹರಿದು ಹರಿದು ಒಂದೇ ಕಾಗದ ಉಳಿಯಿತು.

ಆ ದಿನ ಬಲಗೈಯನ್ನು ಎಡಗೈಯಲ್ಲಿ ಬಿಗಿಹಿಡಿದು ಕಣ್ಣು ಕೆತ್ತಿ ಮುಗಿಸಿದರು. "ನಾಳೆ ಕಪ್ಪು ಒತ್ತುವ. ಯಲ್ಲಾ, ನಡಿ, ಈಗ ಚಾ ಕೊಡು," ಎಂದರು. ನಾನು ಚಾ ತರುವಾಗ ಅವರ ತಲೆ ಹಲಗೆಯ ಪಕ್ಕಕ್ಕೆ ವಾಲಿತ್ತು. ಆಸ್ಪತ್ರೆಗೆ ಒಯ್ದರು. ಸಂಜೆಗೆ ತೀರಿಕೊಂಡರು.

ಮಗಳು ಅಳಲಿಲ್ಲ. ಕಾಗದದ ಮೇಲಿನ ಕಣ್ಣಿಲ್ಲದ ಆ ಮುಖ ನೋಡಿ, "ಇದನ್ನು ಎಲ್ಲಿಯಾದರೂ ಕಟ್ಟಿಡಿ. ಅಮ್ಮನನ್ನು ಹೀಗೆ ನೋಡಲಾರೆ," ಎಂದಳು. ನಾನು ಕಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹಲಗೆಗೆ ಕಪ್ಪು ಬಳಿದೆ. ಹಲಗೆಯ ಗುರುತಿಗೆ ಕಾಗದದ ಗುರುತು ಕೂಡಿಸಿ, ಉಳಿದ ಆ ಒಂದೇ ಕಾಗದ ಇಟ್ಟು, ಮೆಲ್ಲಗೆ ಉಜ್ಜಿ ಎತ್ತಿದೆ. ಕಾಗದದ ಹೆಂಗಸು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಕಪ್ಪು ನೂಲಿನಷ್ಟು ಜರುಗಿತ್ತು. ನಾನು ಹರಿದು ಹಾಕಲಿಲ್ಲ.