ಊದದ ಕ್ಲಾರಿನೆಟ್ಟು

ಅಂದು ನಾನು ತೊಟ್ಟ ಬ್ಯಾಂಡಿನ ಕೋಟು ಕೆಂಪಗಿತ್ತೇ, ಇಲ್ಲವೇ ಆಮೇಲೆ ಕಂಡ ಯಾವುದೋ ಮದುವೆಯ ಕೆಂಪನ್ನು ನಾನೇ ಅದಕ್ಕೆ ಬಳಿದುಬಿಟ್ಟೆನೇ, ಹೇಳಲಾರೆ. ಎದೆಯ ಮೇಲೆ ಒಂದು ಗುಂಡಿ ಇರಲಿಲ್ಲ, ಆ ತೂತಿನಲ್ಲಿ ನನ್ನ ಬೆರಳು ಸುಮ್ಮನೆ ಓಡಾಡುತ್ತಿತ್ತು ಎಂಬುದನ್ನಷ್ಟೇ, ಗೆಳೆಯರೇ, ಸದ್ಯಕ್ಕೆ ನಂಬಿ.

ರಾಯದುರ್ಗದಲ್ಲಿ ನನ್ನ ಸೋದರಮಾವನದು ಬ್ಯಾಂಡ್ ಸೆಟ್ ಬುಕಿಂಗ್ ಅಂಗಡಿ. ಅಂಗಡಿಯೆಂದರೆ ಒಂದು ಮೇಜು, ಒಂದು ಫೋನು, ಗೋಡೆಗೆ ತೂಗುಹಾಕಿದ ಕೋಟುಗಳ ಸಾಲು. ಬಾರಿಸುವವರು ಸುತ್ತಲ ಊರುಗಳವರು. ಗುಮ್ಮಘಟ್ಟದಲ್ಲಿ ಕುರಿ ಕಾಯುವವನು ಲಗ್ನದ ದಿನ ಟ್ರಂಪೆಟ್ ಹಿಡಿಯುತ್ತಾನೆ. ಒಂದೇ ಮುಹೂರ್ತಕ್ಕೆ ಎರಡು ಮದುವೆ ಒಪ್ಪಿಕೊಂಡರೆ ಮಾವ ತಂಡವನ್ನು ಸೀಳಿ, ಖಾಲಿ ಕೋಟುಗಳೊಳಗೆ ವಾದ್ಯ ಬಾರದವರನ್ನು ತುಂಬುತ್ತಿದ್ದರು. ಕಾಲೇಜು ಮುಗಿಸಿ ಸುಮ್ಮನಿದ್ದ ನಾನೂ ಹಾಗೆ ಒಮ್ಮೆ ಒಂದು ಕೋಟಿನೊಳಗೆ ಸೇರಿಕೊಂಡೆ, ಕೈಗೊಂದು ಕ್ಲಾರಿನೆಟ್ ಬಂತು.

"ಯಾಕ ಹೆದರ್ತಿಯೋ? ಊದಬ್ಯಾಡ. ಗಲ್ಲ ಉಬ್ಬಿಸು, ಬೆರಳು ಆಡಿಸು. ಗದ್ದಲದಾಗ ಯಾರು ಕೇಳ್ತಾರ?" ಎಂದರು ಮಾವ.

ಮದುವೆ ಮಡಕಶಿರಾದ ಆಚೆ, ಅಗಳಿಯ ಹತ್ತಿರ. ಚಪ್ಪರದ ಮುಂದೆಯೇ ಹೆಣ್ಣಿನ ದೊಡ್ಡಪ್ಪ ನಮ್ಮನ್ನು ತಡೆದು ಸಾಲಾಗಿ ನಿಲ್ಲಿಸಿದರು.

"ಒಬ್ಬೊಬ್ರೇ ಊದ್ರಪ್ಪಾ. ಹೋದ್ಸಾರಿ ಬೇರೆ ಕಡೆಯಿಂದ ಬಂದೋರಲ್ಲಿ ಅರ್ಧ ಜನ ಬರೀ ಗೊಂಬೆಗ್ಳು."

"ಅಯ್ಯೋ, ಆ ಸಣಕಲನ್ನ ನೋಡ್ರಮ್ಮಾ, ಅವ್ನೇ ಪೀಪಿ ಇದ್ದಂಗವ್ನೆ!" ಎಂದು ಯಾವಳೋ ನನ್ನತ್ತ ಕೈ ತೋರಿಸಿದಳು. ನಗು ಎದ್ದಿತು.

ಸಿಕ್ಕಿಬಿದ್ದರೆ ಮಡಕಶಿರಾ ಸೀಮೆಯಲ್ಲಿ ಮಾವನನ್ನು ಇನ್ನಾವ ಮದುವೆ ಮನೆಯೂ ಕರೆಯುವುದಿಲ್ಲ. ನಿಜವಾಗಿ ಊದಬಲ್ಲವರ ಹೊಟ್ಟೆಯ ಮೇಲೂ ಹೊಡೆತ. ಟ್ರಂಪೆಟ್ ಊದಿತು, ದೊಡ್ಡಪ್ಪ ತಲೆಯಾಡಿಸಿದರು. ಅದರ ಪಕ್ಕದ್ದು ಊದಿತು. ಸರದಿ ನನ್ನತ್ತ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿತ್ತು. ಗದ್ದಲದ ಮರೆಯಲ್ಲಿ ಬದುಕುವವರಿಗೆಲ್ಲ ಇರುವುದು ಇದೊಂದೇ ಭಯವಲ್ಲವೇ, ಗದ್ದಲ ನಿಂತರೆ? ನೀವೂ ಎಲ್ಲೋ ಒಂದು ಸಾಲಿನಲ್ಲಿ ಗಲ್ಲ ಉಬ್ಬಿಸಿ ನಿಂತಿದ್ದರೆ ನಿಮಗೆ ಗೊತ್ತು.

ನನ್ನ ಸರದಿ ಬಂತು. ಗಲ್ಲ ಉಬ್ಬಿಸಿ ಕಣ್ಣು ಮುಚ್ಚಿದೆ. ಒಂದು ಸ್ವರ ಕೇಳಿಸಿತು, ಉದ್ದನೆಯದು, ತುಸು ನಡುಗುವಂಥದ್ದು.

"ಸರಿ, ನಡೀರಿ ಒಳಕ್ಕೆ" ಎಂದರು ದೊಡ್ಡಪ್ಪ.

ನನ್ನ ಬೆನ್ನಿಗೆ ನಿಂತಿದ್ದ ಬಸಣ್ಣ ಕ್ಲಾರಿನೆಟ್ ಬಲ್ಲ ವಾದ್ಯಗಾರ. ಅವನೇ ನನ್ನ ಪರವಾಗಿ ಊದಿ ಉಳಿಸಿದನೆಂದು ಎಷ್ಟೋ ವರ್ಷ ನಂಬಿದ್ದೆ. ಮೊನ್ನೆ ಮಾವನ ಅಂಗಡಿಯಲ್ಲಿ ಸಿಕ್ಕಾಗ ಅದಕ್ಕೆ ಕೈಮುಗಿದೆ.

"ನಾನೆಲ್ಲಿ ಊದೀನಲೇ? ನೀ ಸಿಕ್ಕಿಬೀಳ್ತಿ ಅನ್ನೋ ಹೆದರಿಕಿಗೆ ನನ್ನ ಬಾಯೇ ಒಣಗಿ ಹೋಗಿತ್ತು. ನೀನೇ ಊದಿದ್ದಿ ಅಂತ ಇಷ್ಟು ದಿನ ನಾನು ಅಂದ್ಕೊಂಡೀನಿ!"

ಗೋಡೆಯತ್ತ ನೋಡಿದೆ. ಕೋಟು ಅಲ್ಲೇ ತೂಗುತ್ತಿತ್ತು. ನೀಲಿ. ಗುಂಡಿಗಳೆಲ್ಲ ಇದ್ದವು. ಮಾವ ಹೊಸದು ಹೊಲಿಸಿರಬಹುದು, ಕೇಳಲಿಲ್ಲ.

"ಈಗ ಊದಿ ನೋಡೋ, ಗೊತ್ತಾಗ್ತತಿ" ಎಂದು ಮಾವ ನಗುತ್ತಾ ಕ್ಲಾರಿನೆಟ್ ಕೈಗಿತ್ತರು. ತುಟಿಗಿಟ್ಟೆ. ಗಲ್ಲ ತಾನಾಗಿ ಉಬ್ಬಿತು. ಉಸಿರು ಬಿಡಲು ಧೈರ್ಯ ಬರಲಿಲ್ಲ.

ಆ ಸ್ವರ ಯಾರದೋ, ನನಗೆ ಗೊತ್ತಿಲ್ಲ.