ಮುತ್ತು ಒಡೆಯದ ಹಾಗೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಸುಳ್ಳಾಗಿಸುವುದೇ ಕತ್ತರಿಯಕ್ಕನ ವೃತ್ತಿ. ಟಿವಿ ವಾಹಿನಿಯ ನೇರಪ್ರಸಾರವು ಸ್ಟುಡಿಯೋದಿಂದ ಹೊರಟು, ಕೆಲವು ಕ್ಷಣ ತಡೆದು, ಆಮೇಲೆ ಜನರ ಮನೆ ಮುಟ್ಟುತ್ತದೆ. ಆ ತಡೆಯೊಳಗೆ ಕಾನೂನು ಒಲ್ಲದ ಮಾತು ನುಸುಳಿದರೆ ಅವಳು ಕೆಂಪು ಗುಂಡಿಯೊತ್ತಿ ಅದನ್ನು ಮೂಕವಾಗಿಸಬೇಕು. ಬೈಗುಳಗಳನ್ನು ಅವಳಷ್ಟು ಶ್ರದ್ಧೆಯಿಂದ ಆಲಿಸಿದವರು ಲೋಕದಲ್ಲಿಲ್ಲ. "ಮನೇಲೂ ಒಂದು ಗುಂಡಿ ಇಟ್ಕೊಂಡಿದಾಳೆ, ನಾನು ಬಾಯಿ ತೆಗೆಯೋಕೆ ಮುಂಚೆನೇ ಒತ್ತಿಬಿಡ್ತಾಳೆ" ಎಂಬುದು ಗಂಡನ ದೂರು.

ಅಂದು ಸ್ಟುಡಿಯೋಗೆ ಬಂದವಳೊಬ್ಬ ಅಜ್ಜಿ. ಅವಳ ಮೊಮ್ಮಗಳು ತನ್ನನ್ನು ಪೀಡಿಸಿದವನ ವಿರುದ್ಧ ನ್ಯಾಯಾಲಯದಲ್ಲಿ ಎದೆಗುಂದದೆ ಸಾಕ್ಷಿ ನುಡಿದಿದ್ದಳು. ಅಂಥ ಮಗುವಿನ ಗುರುತು ಹೊರಬೀಳಕೂಡದೆಂಬುದು ಕಟ್ಟುನಿಟ್ಟಾದ ಕಾನೂನು. ಅದಕ್ಕೆಂದೇ ಅಜ್ಜಿಯ ಮುಖಕ್ಕೆ ಕತ್ತಲೆ, ದನಿಗೆ ಮಾರ್ಪಾಟು.

"ಅಜ್ಜಿ, ಮಗು ಹೆಸರು ಮಾತ್ರ ಹೇಳ್ಬೇಡಿ" ಎಂದಳು ಕತ್ತರಿಯಕ್ಕ.

"ಸತ್ರೂ ಹೇಳಲ್ಲ ತಾಯಿ." ಅಷ್ಟರಲ್ಲಿ ಅಜ್ಜಿಯ ಮೊಬೈಲು ಹೊಡೆದುಕೊಂಡಿತು. "ಮುತ್ತೂ, ಊಟ ಮಾಡಿದ್ಯಾ?"

ಪ್ರಸಾರವು ಹೊಳೆಯ ರಭಸದಲ್ಲಿ ಸಾಗಿತು. ವೀಕ್ಷಕರಿಂದ ಫೋನಿನ ಮೇಲೆ ಫೋನು. ಅಜ್ಜಿಗೆ ಹುರುಪೇರಿತು. "ಜಡ್ಜ್ ಮುಂದೆ ನಮ್ಮ ಮುತ್ತು ನಡುಗಲಿಲ್ಲ" ಎಂದಳು.

ಅಜ್ಜಿ ಆಗ ಮೊಬೈಲಿನಲ್ಲಿ ಕರೆದದ್ದು ಕತ್ತರಿಯಕ್ಕನಿಗೆ ನೆನಪಾಯಿತು. ಅಜ್ಜಿ ಮಾತಿಗೆ ತಪ್ಪಿರಲಿಲ್ಲ. ಹೆಸರೆಂದರೆ ಅವಳ ಪಾಲಿಗೆ ಶಾಲೆಯ ಹಾಜರಿಯಲ್ಲಿ ಕೂಗುವಂಥದು, ಮನೆಯಲ್ಲಿ ಕರೆಯುವುದು ಹೆಸರೇ ಅಲ್ಲ. ಬೆರಳು ಗುಂಡಿಯ ಮೇಲೆ ಬಿದ್ದೇ ಬಿದ್ದಿತು.

"ಏನಕ್ಕಾ, ಮುತ್ತು ಅಂದ್ರೂ ಬೈಗುಳಾನಾ?" ಹೆಡ್‌ಫೋನಿನಲ್ಲಿ ಕಾರ್ಯಕ್ರಮದ ನಿರ್ಮಾಪಕ ಕೆರಳಿದ.

"ಮಗುನ ಕರೆಯೋದೇ ಹಾಗೆ ಸಾರ್. ಬೀದಿಗೆ ಬೀದಿನೇ ಗುರುತು ಹಿಡಿಯುತ್ತೆ."

ಅವನು ಮೇಲ್ಮಾಳಿಗೆಯ ಆನ್‌ಲೈನ್ ವಿಭಾಗಕ್ಕೆ ಫೋನು ಹಚ್ಚಿ ನೋಡಿ, "ಸತ್ವಿ ಅಕ್ಕಾ. ಆನ್‌ಲೈನ್‌ಗೆ ಹಾಕೋದು ಸ್ಟುಡಿಯೋದ ಮೂಲ ರೆಕಾರ್ಡಿಂಗು. ಅದಕ್ಕೆ ನಿಮ್ಮ ಗುಂಡಿ ತಾಗಲ್ಲ. ಅಲ್ಲಿ ಯಾರೂ ಫೋನ್ ಎತ್ತಾ ಇಲ್ಲ" ಎಂದ.

ಕಾರ್ಯಕ್ರಮ ಮುಗಿದದ್ದೇ ತಡ, ಕತ್ತರಿಯಕ್ಕ ಚಪ್ಪಲಿಯನ್ನು ಮೇಜಿನಡಿಯೇ ಬಿಟ್ಟು ಮೆಟ್ಟಿಲೇರಿ ಓಡಿದಳು.

ಮೇಲ್ಮಾಳಿಗೆಯಲ್ಲಿ ವಿಡಿಯೋ ಏರಿಸುವ ಹುಡುಗಿ ಕಿವಿಗೆರಡು ಇಯರ್‌ಫೋನಿನ ಬಿರಡೆ ತುರುಕಿಕೊಂಡು, ಹಳದಿ ಅಕ್ಷರದ ಶೀರ್ಷಿಕೆಯನ್ನು ಮೆಚ್ಚಿ ನೋಡುತ್ತಿದ್ದಳು: 'ನಮ್ಮ ಮುತ್ತು ನಡುಗಲಿಲ್ಲ'. ಪ್ರಕಟಿಸಲು ಒಂದೇ ಒತ್ತು ಬಾಕಿ.

"ಒತ್ಬೇಡ ಕಣೇ" ಎಂದು ಕತ್ತರಿಯಕ್ಕ ಅವಳ ಮಣಿಕಟ್ಟು ಹಿಡಿದಳು. ಒತ್ತುವುದನ್ನೇ ಉಣ್ಣುವ ಅನ್ನವಾಗಿಸಿಕೊಂಡವಳ ಬಾಯಲ್ಲಿ ಇಂಥ ಮಾತು ಎಂದೂ ಬಂದಿರಲಿಲ್ಲ.

ಕಾರಣ ಕೇಳಿದ ಹುಡುಗಿ ಮೌಸಿನಿಂದ ಕೈ ತೆಗೆದಳು. "ಟಿವಿ ರೂಲ್ಸು ನಮಗೂ ಇದ್ಯಾಕ್ಕಾ?"

"ಅಲ್ಲಿರೋದೂ ಇಲ್ಲಿರೋದೂ ಒಂದೇ ಮಗು ಅಲ್ವೇನೇ?"

ಇಬ್ಬರೂ ಕೂಡಿ ಆ ಮಾತನ್ನು ಅಳಿಸಿ, ಶೀರ್ಷಿಕೆಯನ್ನು ಬದಲಿಸಿ, ಮತ್ತೆ ಮತ್ತೆ ಕೇಳಿ ನೋಡಿದರು. ಆಮೇಲೆ ಒತ್ತಿದ್ದು ಕತ್ತರಿಯಕ್ಕನೇ.

ಬರಿಗಾಲಲ್ಲಿ ಕೆಳಗಿಳಿದಾಗ ಅಜ್ಜಿ ಬಾಗಿಲಲ್ಲಿ ಕಾಯುತ್ತಿದ್ದಳು. "ಹೆಸರು ಹೇಳ್ಲಿಲ್ಲ ಅಲ್ವಾ ತಾಯಿ ನಾನು?"

"ಯಾರಿಗೂ ಕೇಳಿಸ್ಲಿಲ್ಲ ಅಜ್ಜಿ."

ಮೊಬೈಲು ಮತ್ತೆ ಹೊಡೆದುಕೊಂಡಿತು. "ಮುತ್ತೂ, ಹೊರಟೆ ಕಣೇ" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು. ಕತ್ತರಿಯಕ್ಕನ ಹೆಬ್ಬೆರಳು ತಾನಾಗಿ ಗಾಳಿಯನ್ನೊತ್ತಿತು.