ಗೆರೆಯಾಚೆಯ ಭತ್ತ

ಚೆಂಡು ಪುಟಿಸುತ್ತಾ ಓಡಿ ಬಂದವಳು ಅಂಕಣದ ನಡುಗೆರೆಯಲ್ಲಿ ಗಕ್ಕನೆ ನಿಂತುಬಿಟ್ಟೆ. ಸಂಡೂರಿನ ಗಣಿ ಕಂಪನಿಯೊಂದು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿತ್ತು. ಅವತ್ತು ಅದರ ಆಯ್ಕೆ; ಆಯ್ಕೆಯಾದರೆ ಕಾಯಂ ನೌಕರಿ. ಸೀಟಿ ಊದಿದರು. ಮತ್ತೆ ಓಡಿದೆ, ಮತ್ತೆ ಅಲ್ಲೇ ನಿಂತೆ. ಯಾಕೆಂದು ನನಗೇ ತಿಳಿಯಲಿಲ್ಲ.

ಆಯ್ಕೆಗೆ ಕೂತಿದ್ದ ಸಾಹೇಬರು ಎದ್ದು ಬಂದರು. “ಯಾಕವ್ವಾ, ಆ ಕಡೆ ಏನೈತಿ?”

“ಭತ್ತ ಐತ್ರಿ ಸರ,” ಅಂದುಬಿಟ್ಟೆ.

ಅವರು ಖಾಲಿ ಸಿಮೆಂಟು ನೋಡಿದರು, ನನ್ನನ್ನೂ ನೋಡಿದರು. ಕಂಪ್ಲಿಯ ನಮ್ಮ ಕಾಲೇಜಿನ ಅಂಕಣದ ಅರ್ಧದಲ್ಲಿ, ಕಾಲುವೆ ನೀರಿನಲ್ಲಿ ವರ್ಷಕ್ಕೆರಡು ಬೆಳೆ ತೆಗೆಯುವ ರೈತರು ಭತ್ತ ಒಣಹಾಕುತ್ತಿದ್ದರು. ಅನ್ನ ಕೊಡೋದನ್ನ ಬೂಟುಗಾಲಲ್ಲಿ ತುಳೀಬಾರದು ಅಂತ ಅವ್ವ ಹೇಳಿದ್ದಳು. ಹಾಗಾಗಿ ಮೂರು ವರ್ಷ ಉಳಿದರ್ಧದಲ್ಲೇ ಆಡಿದ್ದೆವು. ಇದನ್ನೆಲ್ಲ ತೊದಲುತ್ತಾ ಹೇಳಿದೆ.

“ಹಂಗಾದ್ರ ಬೂಟು ಬಿಚ್ಚಿ ಓಡವ್ವಾ,” ಅಂದರು.

ಬರಿಗಾಲಲ್ಲಿ ಗೆರೆ ದಾಟಿದೆ. ಚೆಂಡು ಬುಟ್ಟಿಗೆ ಬಿತ್ತು.

ಕೆಲಸಕ್ಕೆ ಸೇರಿದ ದಿನ ಅದೇ ಸಾಹೇಬರು ಹೊಸ ಬೂಟು ಕೈಗಿಟ್ಟು, “ಇಲ್ಲಿ ಬರೇ ಅದಿರು ಐತಿ. ಅಂಜಬ್ಯಾಡ, ತುಳಿ,” ಅಂದು ನಕ್ಕರು.

ಅಂದಿನಿಂದ ನನಗೆ ಅನ್ನ ಕೊಡುತ್ತಿರುವುದು ಆ ಅದಿರೇ. ಅವ್ವನಿಗೆ ಮಾತ್ರ ಈ ಮಾತು ಇನ್ನೂ ಹೇಳಿಲ್ಲ.